ಹೆಸರು ಮರೆಸಿದ ಊರು

ಓರೆನ್‌ಬರ್ಗಿನಿಂದ ತಾಷ್ಕೆಂಟಿಗೆ ಹೋಗುವ ರೈಲುಮಾರ್ಗದಲ್ಲಿ, ಕಜಾಕಿಸ್ತಾನದ ಕಣ್ಣು ಮುಟ್ಟದ ಬಯಲಿನ ನಡುವೆ, ತ್ಯುರಾತಾಮ್ ಎಂಬುದೊಂದು ಸಣ್ಣ ನಿಲ್ದಾಣವಿದೆ. ಝಾರ್ ದೊರೆಗಳ ಕಾಲದಲ್ಲಿ ಹಾಕಿದ ಹಳಿಗಳವು. ಬಹುಕಾಲ ಅಲ್ಲಿ ಇಳಿಯಬೇಕಾದ ಪ್ರಮೇಯವೇ ಹೆಚ್ಚು ಮಂದಿಗೆ ಒದಗುತ್ತಿರಲಿಲ್ಲ. ಬೇಸಗೆಯಲ್ಲಿ 40 ಡಿಗ್ರಿಯನ್ನು ಮೀರುವ ಬಿಸಿಲು. ಚಳಿಗಾಲದಲ್ಲಿ ಸೊನ್ನೆಗಿಂತ 30 ಡಿಗ್ರಿ ಕೆಳಕ್ಕಿಳಿಯುವ ಕೊರೆತ. ಇವೆರಡರ ನಡುವೆ ಏಪ್ರಿಲ್ ತಿಂಗಳಲ್ಲಿ ಕೆಲವೇ ದಿನ ಬಯಲಿನ ತುಂಬ ಕಾಡು ಟ್ಯೂಲಿಪ್ ಹೂಗಳು ಅರಳಿ ಮಾಯವಾಗುತ್ತವೆ. ಸಿರ್ ದರ್ಯಾ ನದಿಯೊಂದು ಹತ್ತಿರದಲ್ಲಿ ಹರಿಯದೆ ಇದ್ದಿದ್ದರೆ ಮನುಷ್ಯನು ಇಲ್ಲಿ ನೆಲೆ ನಿಲ್ಲುವ ಯೋಚನೆಯನ್ನೇ ಮಾಡುತ್ತಿರಲಿಲ್ಲವೇನೋ.

1961ರ ಏಪ್ರಿಲ್ 12ರಂದು ಮನುಷ್ಯನು ಮೊತ್ತಮೊದಲು ಭೂಮಿಯನ್ನು ಬಿಟ್ಟು ಅಂತರಿಕ್ಷಕ್ಕೆ ಹೋದುದು ಈ ನಿಲ್ದಾಣಕ್ಕೆ ಹೊಂದಿಕೊಂಡ ಬಯಲಿನಿಂದ. ಲೋಕಕ್ಕೆ ತಿಳಿದ ಹೆಸರಾದರೋ ಬೈಕನೂರು. ಕನ್ನಡದ ಕಿವಿಗೆ ಮೈಸೂರು, ತುಮಕೂರುಗಳ ನೆಂಟನಂತೆ ಕೇಳಿಸುವ ಈ ಹೆಸರಿನ ಊರು ನಿಜವಾಗಿಯೂ ಉಂಟು. ಆದರೆ ಅದು ಇಲ್ಲಿಂದ ಈಶಾನ್ಯ ದಿಕ್ಕಿನಲ್ಲಿ 300 ಕಿಲೋಮೀಟರಿಗೂ ದೂರದಲ್ಲಿರುವ ಗಣಿಗಾರರ ಊರು. ಅಂತರಿಕ್ಷಕ್ಕೂ ಅದಕ್ಕೂ ಯಾವ ಸಂಬಂಧವೂ ಇರಲಿಲ್ಲ. ಒಂದು ಊರಿನ ಕೀರ್ತಿ ಇನ್ನೊಂದು ಊರಿನ ಹೆಸರಿಗೆ ಸಂದುದು ಹೇಗೆಂಬುದು ಕೇಳತಕ್ಕ ಕಥೆ.

1955ರಲ್ಲಿ ಸೋವಿಯತ್ ಸೇನೆಯ ಕಟ್ಟೋಣದ ದಳಗಳು ಇಲ್ಲಿಗೆ ಬಂದವು. ಆಗ ಬೇಕಾಗಿದ್ದುದು ಗಗನಯಾತ್ರೆಯ ನೆಲೆಯಲ್ಲ; ಖಂಡದಿಂದ ಖಂಡಕ್ಕೆ ಹಾರಬಲ್ಲ ಕ್ಷಿಪಣಿಯನ್ನು ಪರೀಕ್ಷಿಸುವ ಬಯಲು. ರೈಲು ಇತ್ತು, ನೀರು ಇತ್ತು; ರಾಕೆಟ್ಟಿನ ಕಳಚಿದ ಭಾಗಗಳು ಬಿದ್ದರೆ ಅಪಾಯವಾಗದಷ್ಟು ಜನವಿರಳವಾದ ನೆಲವೂ ಇತ್ತು. ಸೈನಿಕರು ಗುಡಾರಗಳಲ್ಲಿ, ರೈಲು ಡಬ್ಬಿಗಳಲ್ಲಿ, ನೆಲವನ್ನು ತೋಡಿ ಮಾಡಿದ ಗುಳಿಮನೆಗಳಲ್ಲಿ ಚಳಿಗಾಲವನ್ನು ಕಳೆದರು. ರಾಕೆಟ್ಟಿನ ಬೆಂಕಿ ಹರಿದು ಹೋಗುವುದಕ್ಕೆಂದು ಅವರು ತೋಡಿದ ಹಳ್ಳವು ದೊಡ್ಡದೊಂದು ಕಲ್ಲುಗಣಿಯಂತಿದೆ. ಅದರ ಅಂಚಿನಲ್ಲಿ ಕಾಂಕ್ರೀಟಿನ ಜಗಲಿಯೊಂದು ಮುಂಚಾಚಿ ನಿಂತಿದೆ. ರಾಕೆಟ್ಟನ್ನು ಹಳಿಗಳ ಮೇಲೆ ಮಲಗಿಸಿಕೊಂಡೇ ಇಲ್ಲಿಗೆ ತಂದು ಎತ್ತಿ ನಿಲ್ಲಿಸುತ್ತಿದ್ದರು. ಉಕ್ಕಿನ ನಾಲ್ಕು ತೋಳುಗಳು ಅದರ ನಡುವನ್ನು ಹಿಡಿದುಕೊಳ್ಳುತ್ತಿದ್ದವು. ರಾಕೆಟ್ಟು ಮೇಲೇಳುತ್ತಲೇ ಆ ತೋಳುಗಳು ಹೂವಿನ ಎಸಳುಗಳಂತೆ ಹಿಂದಕ್ಕೆ ಬಿಚ್ಚಿಕೊಳ್ಳುತ್ತಿದ್ದವು. ಕೆಲಸಗಾರರು ಅದನ್ನು 'ಟ್ಯೂಲಿಪ್' ಎಂದು ಕರೆದುದು ಎಷ್ಟು ಸಹಜ!

1957ರ ಅಕ್ಟೋಬರ್ 4ರಂದು ಈ ಜಗಲಿಯಿಂದಲೇ ಮೊದಲ ಸ್ಪುಟ್ನಿಕ್ ಏರಿತು. ಮರುತಿಂಗಳು ಲೈಕಾ ಎಂಬ ನಾಯಿ ಏರಿತು, ಹಿಂದಿರುಗಲಿಲ್ಲ. ಇಷ್ಟಾದರೂ ನೆಲೆ ಎಲ್ಲಿದೆಯೆಂಬುದನ್ನು ಸೋವಿಯತ್ ಸರ್ಕಾರ ಬಾಯಿಬಿಡಲಿಲ್ಲ. ಈ ಗುಟ್ಟು ಯಾರಿಂದ ಎಂದು ಕೇಳಿದರೆ ನಗು ಬರುತ್ತದೆ. ಅಮೆರಿಕದ ಯು-2 ಗೂಢಚಾರ ವಿಮಾನವು 1957ರ ಆಗಸ್ಟ್ ತಿಂಗಳಲ್ಲೇ ಇದರ ಮೇಲೆ ಹಾರಿ ಚಿತ್ರಗಳನ್ನು ತೆಗೆದುಕೊಂಡು ಹೋಗಿತ್ತು. ಅಂದಮೇಲೆ ತಿಳಿಯಬಾರದಿದ್ದವನಿಗೆ ತಿಳಿದಿತ್ತು. ಹೆಮ್ಮೆಪಡಬೇಕಾಗಿದ್ದ ಸ್ವಂತ ಪ್ರಜೆಗಳಿಗೆ ಮಾತ್ರ ತಿಳಿದಿರಲಿಲ್ಲ.

ಗುಟ್ಟು ಊರಿನ ಹೆಸರಿಗಷ್ಟೇ ನಿಂತಿದ್ದರೆ ಅದು ಬರಿಯ ವಿನೋದವಾಗುತ್ತಿತ್ತು. 1960ರ ಅಕ್ಟೋಬರ್ 24ರ ಸಂಜೆ ಇದೇ ಬಯಲಿನ ಇನ್ನೊಂದು ಉಡಾವಣಾ ಕಟ್ಟೆಯ ಮೇಲೆ ಹೊಸ ಬಗೆಯ ಕ್ಷಿಪಣಿಯೊಂದು ನಿಂತಿತ್ತು. ಅದರ ಹೊಟ್ಟೆಯಲ್ಲಿ ಪರಸ್ಪರ ಸೋಕಿದರೆ ಸಾಕು ಹೊತ್ತಿಕೊಳ್ಳುವ ವಿಷಮಯವಾದ ಇಂಧನಗಳು. ದೋಷ ಕಂಡಾಗ ಇಂಧನವನ್ನು ತೆಗೆದು ದುರಸ್ತಿ ಮಾಡಬೇಕಾಗಿತ್ತು. ಆದರೆ ಮಾಸ್ಕೋದಿಂದ ಆತುರ. ಕ್ಷಿಪಣಿಪಡೆಯ ಮುಖ್ಯಸ್ಥರಾದ ಮಾರ್ಷಲ್ ನೆದೆಲಿನ್‌ರು ಕ್ಷಿಪಣಿಯ ಬಳಿಯಲ್ಲೇ ಕುರ್ಚಿ ಹಾಕಿಸಿಕೊಂಡು ಕುಳಿತಿದ್ದರು. ದೊಡ್ಡವರು ಕುಳಿತಿರುವಾಗ ಕಿರಿಯರು ದೂರ ಸರಿಯುವುದುಂಟೆ? ಎರಡನೆಯ ಹಂತದ ಯಂತ್ರವು ಇದ್ದಕ್ಕಿದ್ದಂತೆ ಹೊತ್ತಿಕೊಂಡು, ಕೆಳಗಿನ ಹಂತದ ಇಂಧನವನ್ನು ಸಿಡಿಸಿತು. 70ಕ್ಕಿಂತ ಹೆಚ್ಚು ಜನ ಬೆಂದುಹೋದರು. ಕ್ಷಿಪಣಿಯ ರಚನಕಾರರಾದ ಯಾಂಗೆಲ್‌ರು ಸಿಗರೇಟು ಸೇದಲೆಂದು ಮರೆಗೆ ಹೋಗಿದ್ದುದರಿಂದ ಉಳಿದರು. ಮಾರ್ಷಲರು ವಿಮಾನ ಅಪಘಾತದಲ್ಲಿ ಮಡಿದರೆಂದು ಪ್ರಕಟಣೆ ಹೊರಟಿತು. ಉಳಿದವರ ವಿಷಯವಾಗಿ ಪ್ರಕಟಣೆಯೇ ಇಲ್ಲ. ಮಕ್ಕಳನ್ನು ಕಳೆದುಕೊಂಡ ತಾಯಿತಂದೆಗಳು 29 ವರ್ಷ ಕಾಯಬೇಕಾಯಿತು. 1989ರಲ್ಲಿ ಮಾಸ್ಕೋದ ಸಚಿತ್ರ ವಾರಪತ್ರಿಕೆ 'ಒಗೊನ್ಯೋಕ್' ಈ ದುರಂತವನ್ನು ಮೊದಲ ಬಾರಿಗೆ ದೇಶದ ಜನರ ಮುಂದಿಟ್ಟಿತು.

ಆ ಬೆಂಕಿ ಆರಿ ಆರು ತಿಂಗಳು ತುಂಬುವ ಮೊದಲೇ ಯೂರಿ ಗಗಾರಿನ್ ಇಲ್ಲಿಗೆ ಬಂದರು. ಬಡಗಿಯ ಮಗ, 27 ವರ್ಷದ ತರುಣ, ಎತ್ತರ ಐದಡಿ ಎರಡಂಗುಲ. ಹಾರುವ ಹಿಂದಿನ ರಾತ್ರಿ ಅವರೂ, ಬದಲಿ ಯಾತ್ರಿಯಾದ ಗೆರ್ಮನ್ ಟಿಟೊವ್‌ರೂ ಮಲಗಿದ ಮರದ ಚಿಕ್ಕ ಮನೆಯು ಇಂದಿಗೂ ಹಾಗೆಯೇ ಇದೆ. ಅದರ ನೆರೆಯಲ್ಲಿ ಅಂಥದೇ ಇನ್ನೊಂದು ಮನೆ. ಆ ಮನೆಯಲ್ಲಿದ್ದವರು ರಾಕೆಟ್ಟನ್ನೂ ನೌಕೆಯನ್ನೂ ರೂಪಿಸಿದ ಸೆರ್ಗೈ ಕೊರೊಲೆವ್. 1938ರಲ್ಲಿ ಸ್ಟಾಲಿನ್ನನ ಪೊಲೀಸರು ಅವರನ್ನು ಹಿಡಿದೊಯ್ದು ಕೊಲಿಮಾದ ಚಿನ್ನದ ಗಣಿಗಳಿಗೆ ಅಟ್ಟಿದ್ದರು. ಸೆರೆಯಲ್ಲಿ ಮುರಿದ ದವಡೆಯ ನೋವು ಕೊನೆಯವರೆಗೂ ಅವರನ್ನು ಬಿಡಲಿಲ್ಲ. ಅಂಥವರಿಗೆ ದೇಶವು ಪತ್ರಿಕೆಗಳಲ್ಲಿ ಕೊಟ್ಟ ಹೆಸರು 'ಮುಖ್ಯ ರಚನಕಾರ' ಎಂದಷ್ಟೆ.

ತೂಕವಿಲ್ಲದ ಸ್ಥಿತಿಯಲ್ಲಿ ಮನುಷ್ಯನಿಗೆ ಬುದ್ಧಿ ಭ್ರಮಿಸೀತೆಂದು ವೈದ್ಯರು ಅಂಜಿದ್ದರು. ಆದ್ದರಿಂದ ನೌಕೆಯನ್ನು ಕೈಯಾರೆ ನಡೆಸುವ ಯಂತ್ರಕ್ಕೆ ಬೀಗ ಹಾಕಲಾಗಿತ್ತು. ಬೀಗ ತೆರೆಯುವ ಮೂರು ಅಂಕೆಗಳನ್ನು ಲಕೋಟೆಯೊಂದರಲ್ಲಿಟ್ಟು ಅಂಟಿಸಿ, ಒಳಗೆ ಇರಿಸಿದ್ದರು; ಲಕೋಟೆಯನ್ನು ಒಡೆದು ಓದುವಷ್ಟು ವಿವೇಕವಿದ್ದವನು ನೌಕೆಯನ್ನೂ ನಡೆಸಬಲ್ಲನೆಂಬುದು ತರ್ಕ. ಅಪಾಯದ ಗಳಿಗೆಯಲ್ಲಿ ಲಕೋಟೆ ಹುಡುಕುತ್ತ ಕೂರುವುದೆ? ಹೊರಡುವ ಮುನ್ನವೇ ಆ ಅಂಕೆಗಳನ್ನು ಗಗಾರಿನ್‌ರಿಗೆ ಗುಟ್ಟಾಗಿ ತಿಳಿಸಿಬಿಟ್ಟಿದ್ದರು, ಹೇಳಿದವರೂ ಒಬ್ಬರಲ್ಲ. ಅಂಕೆಗಳು 1, 2, 5. ಗುಟ್ಟುಗಳ ಆ ಊರಿನಲ್ಲಿ ಕರುಣೆಯಿಂದ ಒಡೆದ ಗುಟ್ಟು ಇದೊಂದೇ ಇರಬೇಕು.

ನೌಕೆಯ ಬಾಗಿಲು ಸರಿಯಾಗಿ ಮುಚ್ಚಿದ ಸೂಚನೆ ಬಾರದೆ, ಬಿಗಿದ ತಿರುಪುಗಳನ್ನೆಲ್ಲ ಬಿಚ್ಚಿ ಮತ್ತೆ ಬಿಗಿದರು. ಒಳಗಿದ್ದವರು ಅಷ್ಟು ಹೊತ್ತೂ ಶಾಂತವಾಗಿದ್ದರು. ಮಾಸ್ಕೋ ಗಡಿಯಾರದ 9 ಗಂಟೆ 7 ನಿಮಿಷಕ್ಕೆ ಟ್ಯೂಲಿಪ್ಪಿನ ಎಸಳುಗಳು ಬಿಚ್ಚಿದವು. "ಹೊರಟೆವು!" ಎಂದರು ಗಗಾರಿನ್. ಭೂಮಿಯನ್ನು ಒಂದು ಸುತ್ತು ಬಂದು, ವೋಲ್ಗಾ ತೀರದ ಸರಾತೊವ್ ಪ್ರಾಂತ್ಯದ ಹೊಲವೊಂದರಲ್ಲಿ ಇಳಿದರು. ಹೊರಟಾಗಿನಿಂದ ಇಳಿಯುವವರೆಗೆ 108 ನಿಮಿಷ. ನೌಕೆಯೊಳಗಿದ್ದುಕೊಂಡೇ ಅಲ್ಲ, ಏಳು ಕಿಲೋಮೀಟರ್ ಎತ್ತರದಲ್ಲಿ ಅದರಿಂದ ಹೊರಚಿಮ್ಮಿ, ತಮ್ಮದೇ ಹಾರುಕೊಡೆಯಿಂದ. ಕಿತ್ತಳೆ ಬಣ್ಣದ ಉಡುಪಿನ ಈ ವಿಚಿತ್ರ ಮನುಷ್ಯನನ್ನು ಮೊದಲು ಕಂಡವರು ಅರಣ್ಯ ಕಾವಲುಗಾರನೊಬ್ಬನ ಹೆಂಡತಿ ಮತ್ತು ಅವಳ ಪುಟ್ಟ ಮೊಮ್ಮಗಳು. ಮಗುವಿಗೆ ಹೆದರಿಕೆಯಾಯಿತು, ತಾನು ನಿಮ್ಮವನೇ ಎಂದು ಅವರು ಧೈರ್ಯ ಹೇಳಬೇಕಾಯಿತು.

ಊರಿನ ಹೆಸರಿನ ಗೊಂದಲ ಹುಟ್ಟಿದುದು ಇಲ್ಲಿಯೇ. ವಿಶ್ವದಾಖಲೆಯೆಂದು ಅಂತರರಾಷ್ಟ್ರೀಯ ವಾಯುಯಾನ ಒಕ್ಕೂಟದಲ್ಲಿ ಬರೆಸಬೇಕಾದರೆ, ಹೊರಟ ಸ್ಥಳದ ಹೆಸರನ್ನು ಕೊಡಲೇಬೇಕು. ಯಾತ್ರಿಯು ತನ್ನ ನೌಕೆಯೊಡನೆಯೇ ಇಳಿದಿರಬೇಕೆಂಬ ನಿಯಮವೂ ಇತ್ತು. ಅಧಿಕಾರಿಗಳು ಎರಡಕ್ಕೂ ಸುಳ್ಳನ್ನೇ ಬರೆದರು. ಸ್ಥಳದ ಕಡೆಗೆ ಬೈಕನೂರೆಂದು ಬರೆದರು; ಹಾರುಕೊಡೆಯ ವಿಷಯವನ್ನು ವರ್ಷಗಳ ಕಾಲ ನುಂಗಿಕೊಂಡರು. ಅಜ್ಜಿ ಮೊಮ್ಮಕ್ಕಳು ಬರಿಗಣ್ಣಿನಿಂದ ಕಂಡ ಸತ್ಯವು ಲೋಕದ ದಾಖಲೆಗೆ ಸೇರಲಿಲ್ಲ. ಗಗಾರಿನ್‌ರ ಸಾಹಸಕ್ಕೆ ಇಂಥ ಸುಳ್ಳಿನ ಊರುಗೋಲು ಬೇಕಾಗಿರಲಿಲ್ಲವೆಂಬುದೇ ವಿಷಾದದ ಸಂಗತಿ.

ಕೊರೊಲೆವ್‌ರ ಹೆಸರು ಹೊರಬಿದ್ದುದು ಅವರ ಮರಣದಿಂದ. 1966ರ ಜನವರಿ 14ರಂದು ಶಸ್ತ್ರಚಿಕಿತ್ಸೆಯಲ್ಲಿ ಅವರು ತೀರಿಕೊಂಡ ಬಳಿಕ, 'ಪ್ರಾವ್ದಾ'ದಲ್ಲಿ ಚಿತ್ರಸಮೇತ ವಾರ್ತೆ ಬಂದಾಗಲೇ ದೇಶವು ಆ ಮುಖವನ್ನು ಕಂಡಿತು. ಗಗಾರಿನ್‌ರೂ ಹೆಚ್ಚು ಕಾಲ ಉಳಿಯಲಿಲ್ಲ. 1968ರ ಮಾರ್ಚ್ 27ರಂದು ತರಬೇತಿ ವಿಮಾನವೊಂದು ಬಿದ್ದು ಮಡಿದರು.

ಮುಂದೆ ಈ ಬಯಲಿಗೆ ಅನೇಕ ದೇಶಗಳ ಯಾತ್ರಿಕರು ಬಂದರು. 1984ರ ಏಪ್ರಿಲ್ 3ರಂದು ಭಾರತದ ರಾಕೇಶ್ ಶರ್ಮರು ಹೊರಟುದೂ ಇಲ್ಲಿಂದಲೇ. ಮುಂದೆ ಬೆಂಗಳೂರಿನ ಹಿಂದೂಸ್ತಾನ್ ಏರೋನಾಟಿಕ್ಸ್ ಕಾರ್ಖಾನೆಯಲ್ಲಿ ಅವರು ವಿಮಾನಗಳನ್ನು ಪರೀಕ್ಷಿಸುತ್ತಿದ್ದರು. ಸೋವಿಯತ್ ಒಕ್ಕೂಟವು ಒಡೆದ ಮೇಲೆ ನೆಲ ಕಜಾಕಿಸ್ತಾನದ್ದಾಯಿತು; ರಷ್ಯವು ವರ್ಷಕ್ಕೆ 11.5 ಕೋಟಿ ಡಾಲರ್ ಬಾಡಿಗೆ ಕೊಡುವ ಒಕ್ಕಲಾಯಿತು. ಕೆಲಸಗಾರರ ಪಟ್ಟಣವನ್ನು ಲೆನಿನ್‌ಸ್ಕ್ ಎಂದು ಕರೆಯುತ್ತಿದ್ದರು. 1995ರಲ್ಲಿ ಅದಕ್ಕೆ ಬೈಕನೂರೆಂದೇ ಹೆಸರಿಟ್ಟರು. ಕಾಗದದ ಮೇಲಿನ ಸುಳ್ಳು ಹೀಗೆ 34 ವರ್ಷಗಳ ಮೇಲೆ ನಿಜವಾಯಿತು. ನಿಲ್ದಾಣ ಮಾತ್ರ ತ್ಯುರಾತಾಮ್ ಆಗಿಯೇ ಉಳಿದಿದೆ. ಗಗಾರಿನ್ ಹೊರಟ ಜಗಲಿಯಿಂದ ಕೊನೆಯ ಸಲ ಮನುಷ್ಯರು ಏರಿದುದು 2019ರ ಸೆಪ್ಟೆಂಬರ್ 25ರಂದು.

ಪಟ್ಟಣದಲ್ಲಿ ನದಿಯ ಕಡೆಗೆ ಸಾಗುವ ಸಾಲುಮರಗಳ ಹಾದಿಯೊಂದಿದೆ. ಇಲ್ಲಿಂದ ಹಾರಿದವರು ಒಬ್ಬೊಬ್ಬರೂ ಒಂದೊಂದು ಸಸಿ ನೆಡುವುದು ವಾಡಿಕೆ. ಪ್ರತಿಯೊಂದರ ಬುಡದಲ್ಲಿಯೂ ಹೆಸರಿನ ಫಲಕವಿದೆ. ಪಟ್ಟಣದ ಉದ್ಯಾನದಲ್ಲಿ ಇನ್ನೊಂದು ಸ್ಮಾರಕವಿದೆ. ಅದು 1960ರ ಬೆಂಕಿಯಲ್ಲಿ ಮಡಿದ ಸೈನಿಕರದು. ಅಕ್ಟೋಬರ್ 24ರಂದು ಈ ನೆಲೆಯಿಂದ ಯಾವ ರಾಕೆಟ್ಟನ್ನೂ ಹಾರಿಸುವುದಿಲ್ಲ. ಅಂದು ಬೆಳಗ್ಗೆ ಜನರು ಹೂಗಳನ್ನು ಹಿಡಿದು ಉದ್ಯಾನಕ್ಕೆ ನಡೆದು ಹೋಗುತ್ತಾರೆ.