ಕಡಲು ದಾಟಿ ಬಂದ ನಾದ

ಮನುಷ್ಯರು ಒಂದು ನಾಡಿನಿಂದ ಇನ್ನೊಂದು ನಾಡಿಗೆ ಹೋಗುವಾಗ ಸರಕು ಸಾಮಗ್ರಿಗಳನ್ನಷ್ಟೇ ಒಯ್ಯುವುದಿಲ್ಲ. ತಮ್ಮ ಹಾಡನ್ನೂ ಅದಕ್ಕೆ ಜೊತೆಗೂಡುವ ವಾದ್ಯವನ್ನೂ ಒಯ್ಯುತ್ತಾರೆ. ಮೆಣಸಿನಕಾಯಿ ಅಮೆರಿಕಾ ಖಂಡದಿಂದ ಪೋರ್ಚುಗೀಸರ ಹಡಗನ್ನೇರಿ ಬಂದದ್ದೆಂದರೆ ನಮ್ಮ ಅಡುಗೆಮನೆ ಸುಲಭವಾಗಿ ಒಪ್ಪಲಾರದು. ಅದಿಲ್ಲದೆ ಸಾರು ಹೇಗಿದ್ದೀತೆಂದು ಊಹಿಸುವುದೇ ನಮಗೆ ಕಷ್ಟ. ನಮ್ಮ ಸಂಗೀತದ ವೇದಿಕೆಯಲ್ಲಿಯೂ ಇಂತಹ ಮೆಣಸಿನಕಾಯಿಗಳು ಹಲವಿವೆ. ಅವು ಎಲ್ಲಿಂದ ಬಂದವು, ನಾವು ಅವನ್ನು ಹೇಗೆ ಬರಮಾಡಿಕೊಂಡೆವು ಎಂಬುದನ್ನು ಯೋಚಿಸುವುದು ನನಗೆ ಬಹುಕಾಲದಿಂದ ಪ್ರಿಯವಾದ ಹವ್ಯಾಸ.

ಮೊದಲು ಪಿಟೀಲನ್ನು ನೋಡೋಣ. ಈ ಹೆಸರನ್ನು ನಾಲ್ಕಾರು ಬಾರಿ ಉಚ್ಚರಿಸಿದರೆ ಅದರೊಳಗೆ ಅಡಗಿರುವ ಇಂಗ್ಲಿಷಿನ ‘ಫಿಡ್ಲ್’ ಎಂಬ ಶಬ್ದ ಕಿವಿಗೆ ಬೀಳುತ್ತದೆ. ಹದಿನಾರನೆಯ ಶತಮಾನದ ಇಟಲಿಯಲ್ಲಿ, ಕ್ರೆಮೋನದಂತಹ ಊರುಗಳ ಕುಶಲಕರ್ಮಿಗಳ ಕೈಯಲ್ಲಿ ಇದರ ಈಗಿನ ಆಕಾರ ನೆಲೆಗೊಂಡಿತು. ದಕ್ಷಿಣ ಭಾರತದ ಸಂಗೀತಕ್ಕೆ ಇದನ್ನು ಮೊದಲು ಅಳವಡಿಸಿದವರಲ್ಲಿ ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು ಪ್ರಮುಖರು. ಯುರೋಪಿನವರು ನಿಂತು ಅಥವಾ ಕುರ್ಚಿಯಲ್ಲಿ ಕುಳಿತು ಗದ್ದದ ಕೆಳಗೆ ಹಿಡಿದು ನುಡಿಸುತ್ತಿದ್ದ ವಾದ್ಯವನ್ನು ನಮ್ಮವರು ನೆಲಕ್ಕಿಳಿಸಿದರು. ಚಕ್ಕಳಮಕ್ಕಳ ಕುಳಿತು, ಅದರ ತುದಿಯನ್ನು ಬಲಗಾಲಿನ ಹರಡಿನ ಮೇಲೆ ಊರಿದರು. ತಂತಿಗಳನ್ನು ಷಡ್ಜ ಪಂಚಮಗಳಿಗೆ ಶ್ರುತಿಮಾಡಿದರು. ಹೀಗೆ ಆಸರೆ ದೊರೆತ ಮೇಲೆ ಎಡಗೈ ಸ್ವತಂತ್ರವಾಗಿ ತಂತಿಯ ಮೇಲೆ ಜಾರತೊಡಗಿತು. ಗಮಕ ತಾನಾಗಿ ಒಲಿಯಿತು. ತಿರುಮಕೂಡಲು ನರಸೀಪುರದವರಾದ ಟಿ. ಚೌಡಯ್ಯನವರು ನಾಲ್ಕು ತಂತಿಗಳ ಪಿಟೀಲಿಗೆ ಏಳು ತಂತಿಗಳನ್ನು ಹೂಡಿ ಅದರ ನಾದವನ್ನು ಹಿಗ್ಗಿಸಿದರು. 1980ರಲ್ಲಿ ಬೆಂಗಳೂರಿನಲ್ಲಿ ಅವರ ಸ್ಮರಣಾರ್ಥವಾಗಿ ತೆರೆದ ಸಭಾಭವನದ ಆಕಾರವೇ ಪಿಟೀಲು. ಪರದೇಶದ ವಾದ್ಯವೊಂದಕ್ಕೆ ಇದಕ್ಕಿಂತ ದೊಡ್ಡ ಮನ್ನಣೆ ಬೇರೇನು ಬೇಕು?

ಎಲ್ಲ ಅತಿಥಿಗಳಿಗೂ ಇಂತಹ ಆದರ ದೊರೆಯಲಿಲ್ಲ. ಹಾರ್ಮೋನಿಯಮ್ಮಿನ ಕಥೆ ಕೇಳಿರಿ. ಗಾಳಿ ಹಾಯುವಾಗ ತೆಳುವಾದ ನಾಲಗೆಯೊಂದು ಕಂಪಿಸಿ ಸ್ವರ ಹೊರಡಿಸುವ ಉಪಾಯ ಏಷ್ಯಾಖಂಡದಲ್ಲಿ ಬಹು ಪುರಾತನ. ಚೀನೀಯರ ‘ಶೆಂಗ್’ ಎಂಬ ಕೊಳವೆಗಳ ವಾದ್ಯ ಅದಕ್ಕೆ ಸಾಕ್ಷಿ. ಅದೇ ತತ್ತ್ವವನ್ನು ಅನುಸರಿಸಿದ ವಾದ್ಯವೊಂದಕ್ಕೆ ಪ್ಯಾರಿಸ್ಸಿನ ಅಲೆಕ್ಸಾಂಡ್ರ್ ದೆಬೆಯ್ನ್ ಎಂಬಾತನು 1842ರಲ್ಲಿ ‘ಹಾರ್ಮೋನಿಯಂ’ ಎಂಬ ಹೆಸರಿನಿಂದ ಹಕ್ಕುಪತ್ರ ಪಡೆದನು. ಕಾಲಿನಿಂದ ತಿದಿಯೊತ್ತುವ ಆ ವಾದ್ಯ ಪಾದ್ರಿಗಳ ಜೊತೆಯಲ್ಲಿಯೂ ಆಂಗ್ಲ ಅಧಿಕಾರಿಗಳ ಮನೆಯ ಸಾಮಾನಿನ ಜೊತೆಯಲ್ಲಿಯೂ ಭಾರತಕ್ಕೆ ಬಂದಿತು. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಕಲ್ಕತ್ತೆಯ ದ್ವಾರಕಾನಾಥ ಘೋಷರು ಅದರ ಕಾಲುಗಳನ್ನು ತೆಗೆದು, ತಿದಿಯನ್ನು ಹಿಂಬದಿಗೆ ಅಳವಡಿಸಿದರು. ಎಡಗೈಯಿಂದ ಗಾಳಿ ತುಂಬಿ ಬಲಗೈಯಿಂದ ನುಡಿಸುವ ಪೆಟ್ಟಿಗೆ ಸಿದ್ಧವಾಯಿತು. ಅಗ್ಗವಾದ, ಹೊತ್ತೊಯ್ಯಲು ಹಗುರವಾದ, ಮಳೆ ಚಳಿಗಳಿಗೆ ಬೇಗನೆ ಶ್ರುತಿ ಕೆಡದ ಈ ವಾದ್ಯ ಭಜನೆಯ ಮನೆ, ಗುರುದ್ವಾರ, ನಾಟಕದ ಕಂಪನಿ, ಶಾಲೆ ಎಲ್ಲವನ್ನೂ ಪ್ರವೇಶಿಸಿತು. ಉತ್ತರ ಕರ್ನಾಟಕದಲ್ಲಿ ಅದು ಪೇಟಿಯಾಯಿತು. ಯಕ್ಷಗಾನದ ಮೇಳದಲ್ಲಿ ಪುಂಗಿಯ ಸ್ಥಾನವನ್ನು ಶ್ರುತಿಪೆಟ್ಟಿಗೆ ಪಡೆಯಿತು.

ಹಳೆಯ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಹಾರ್ಮೋನಿಯಂ ಮೇಷ್ಟ್ರು ಎಂಬ ಒಂದು ಪದವಿಯೇ ಇತ್ತು. ಸುಗ್ಗಿ ಮುಗಿದ ಮೇಲೆ ಅವರು ನಮ್ಮೂರಿಗೆ ಬಂದು ತಿಂಗಳುಗಟ್ಟಲೆ ನಿಲ್ಲುತ್ತಿದ್ದರು. ಹಗಲು ನೇಗಿಲು ಹಿಡಿದವನು ಇರುಳು ದುರ್ಯೋಧನನಾಗಬೇಕು. ಅವನಿಗೆ ಕಂದಪದ್ಯ ಹೇಳಿಕೊಡುವವರು, ಹೆಜ್ಜೆ ತಿದ್ದುವವರು, ಹುಳಿಮಾತು ಬಂದಾಗ ಜಗಳ ಬಿಡಿಸುವವರು ಎಲ್ಲವೂ ಅವರೇ. ಆಟದ ರಾತ್ರಿ ಪಾತ್ರಧಾರಿಯ ಶ್ರುತಿ ತಪ್ಪಿದರೆ ಪೆಟ್ಟಿಗೆಯ ಷಡ್ಜ ತುಸು ಗಟ್ಟಿಯಾಗಿ ಕೇಳುತ್ತಿತ್ತು. ಅವನು ಸರಿದಾರಿಗೆ ಬಂದೊಡನೆ ಅದು ಮತ್ತೆ ಮೆತ್ತಗಾಗುತ್ತಿತ್ತು. ನೆರೆದ ಸಾವಿರ ಜನರಲ್ಲಿ ಇದು ತಿಳಿಯುತ್ತಿದ್ದದ್ದು ಅವರಿಬ್ಬರಿಗೆ ಮಾತ್ರ. ಒಮ್ಮೆ ನಾನು ಹುಡುಗತನದ ಧೈರ್ಯದಿಂದ, “ಮೇಷ್ಟ್ರೇ, ಪೆಟ್ಟಿಗೆಯಲ್ಲಿ ಗಮಕ ಬರುವುದಿಲ್ಲವಂತೆ, ಹೌದೇ?” ಎಂದು ಕೇಳಿದೆ. ಅವರು ನಕ್ಕು, “ಬರುವುದಿಲ್ಲ ಮಗು. ಆದರೆ ಹಾಡುವವನನ್ನು ನಡುನೀರಿನಲ್ಲಿ ಕೈಬಿಡುವುದೂ ಅದಕ್ಕೆ ಬರುವುದಿಲ್ಲ” ಎಂದರು.

ಮೇಷ್ಟ್ರು ಒಪ್ಪಿಕೊಂಡ ಆ ಕೊರತೆ ಸಣ್ಣದಲ್ಲ. ನಮ್ಮ ಸಂಗೀತದಲ್ಲಿ ಸ್ವರವೆಂಬುದು ಕಲ್ಲಿನ ಮೆಟ್ಟಿಲಲ್ಲ, ನೀರಿನ ಅಲೆ. ದರ್ಬಾರಿ ಕಾನಡದ ಕೋಮಲ ಗಾಂಧಾರ ಮೆಲ್ಲನೆ ತೂಗಬೇಕು. ತೋಡಿಯ ಗಾಂಧಾರ ಕಂಪಿಸಬೇಕು. ಹಾರ್ಮೋನಿಯಮ್ಮಿನ ಮನೆಗಳಾದರೋ ಒಂದರಿಂದೊಂದು ಬೇರೆ. ಒಂದು ಮನೆಯಿಂದ ಇನ್ನೊಂದಕ್ಕೆ ನೆಗೆಯಬಹುದಲ್ಲದೆ ಜಾರಲು ಬಾರದು. ಸ್ಥಾಯಿಯೊಂದನ್ನು ಹನ್ನೆರಡು ಸಮಪಾಲು ಮಾಡುವ ಅದರ ಪಾಶ್ಚಾತ್ಯ ಲೆಕ್ಕಕ್ಕೆ ನಮ್ಮ ಸೂಕ್ಷ್ಮ ಶ್ರುತಿಗಳು ಸಿಕ್ಕುವುದಿಲ್ಲ. ರವೀಂದ್ರನಾಥ ಠಾಕೂರರಂತಹವರೂ ಈ ವಾದ್ಯವನ್ನು ವಿರೋಧಿಸಿದರು. ಆಂಗ್ಲ ಸಂಗೀತಗಾರ ಜಾನ್ ಫೋಲ್ಡ್ಸ್‌ನೂ ಇದರ ವಿರುದ್ಧ ಲೇಖನ ಬರೆದನು. ಕಡೆಗೆ 1940ರಲ್ಲಿ ಆಕಾಶವಾಣಿಯು ಹಾರ್ಮೋನಿಯಮ್ಮನ್ನು ಬಹಿಷ್ಕರಿಸಿತು. 1971ರಲ್ಲಿ ಪಕ್ಕವಾದ್ಯವಾಗಿ ಅದಕ್ಕೆ ಸೀಮಿತ ಪ್ರವೇಶ ದೊರೆಯುವವರೆಗೆ ಮೂವತ್ತಕ್ಕೂ ಹೆಚ್ಚು ವರ್ಷ ಆ ಬಾಗಿಲು ಮುಚ್ಚಿತ್ತು.

ಮೂವತ್ತು ವರ್ಷವೆಂದರೆ ಒಬ್ಬ ಕಲಾವಿದನ ಪ್ರಾಯವೆಲ್ಲ ಕಳೆಯುವಷ್ಟು ಕಾಲ. ವಾದ್ಯವನ್ನು ಬಹಿಷ್ಕರಿಸಿದಾಗ ಮರ ಹಿತ್ತಾಳೆಗಳಿಗೆ ನೋವಾಗುವುದಿಲ್ಲ; ಅದನ್ನೇ ನಂಬಿ ಬದುಕಿದ ಬೆರಳುಗಳಿಗೆ ನೋವಾಗುತ್ತದೆ. ಹಾಗಿದ್ದರೂ ಆ ಬೆರಳುಗಳು ಸುಮ್ಮನಿರಲಿಲ್ಲ. ಬೆಳಗಾವಿಯ ಪಂಡಿತ ರಾಮಭಾವು ಬಿಜಾಪುರೆಯವರು (1917-2010) ಇಡೀ ಜೀವನವನ್ನು ಈ ವಾದ್ಯಕ್ಕೆ ಮುಡಿಪಾಗಿಟ್ಟು, ಹೆಸರಾಂತ ಗಾಯಕರಿಗೆ ಸಾಥಿ ನೀಡಿದರು. ಅಸಂಖ್ಯ ಶಿಷ್ಯರನ್ನು ತಯಾರುಮಾಡಿದರು. ಗಾಯಕನ ಮೀಂಡು ಹೊರಟಾಗ ಪೇಟಿ ಅದನ್ನು ಅಣಕಿಸಲು ಹೋಗಬಾರದು. ಅದು ತಲುಪುವ ಎಡೆಯಲ್ಲಿ ಮೊದಲೇ ಹೋಗಿ ದೀಪ ಹಿಡಿದು ನಿಲ್ಲಬೇಕು ಎಂಬುದನ್ನು ಒಳ್ಳೆಯ ಸಾಥಿದಾರರು ಬಲ್ಲರು. ವಾದ್ಯದ ಕೊರತೆಯನ್ನು ಮನುಷ್ಯನ ವಿವೇಕ ತುಂಬಿಕೊಡುವ ಬಗೆ ಇದು. ತಿದಿಯ ಹಾರ್ಮೋನಿಯಂ ತನ್ನ ತವರಾದ ಯುರೋಪಿನಲ್ಲಿ ಇಂದು ಅಪರೂಪ. ಅದು ನಿತ್ಯದ ಬಳಕೆಯಲ್ಲಿ ಉಳಿದಿರುವುದು ನಮ್ಮಲ್ಲಿ.

ಮೂರನೆಯ ಅತಿಥಿ ಸ್ಯಾಕ್ಸೊಫೋನು. ಬೆಲ್ಜಿಯಮ್ಮಿನ ಅಡಾಲ್ಫ್ ಸ್ಯಾಕ್ಸ್ ಅದನ್ನು ನಿರ್ಮಿಸಿ 1846ರಲ್ಲಿ ಪ್ಯಾರಿಸ್ಸಿನಲ್ಲಿ ಹಕ್ಕುಪತ್ರ ಪಡೆದನು; ವಾದ್ಯದ ಹೆಸರಿನಲ್ಲಿ ಅವನ ಹೆಸರೇ ಉಳಿದಿದೆ. ಸೈನ್ಯದ ಬ್ಯಾಂಡಿನಿಂದ ಹೊರಟು, ಅಮೆರಿಕಾದ ಜಾಸ್ ಸಂಗೀತದಲ್ಲಿ ಅದು ಕೀರ್ತಿ ಪಡೆಯಿತು. ದಕ್ಷಿಣ ಕನ್ನಡದ ನಾಗಸ್ವರ ವಾದಕರೊಬ್ಬರ ಮಗ ಕದ್ರಿ ಗೋಪಾಲನಾಥರು (1949-2019) ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಅದನ್ನು ಕೇಳಿ ಮಾರುಹೋದರು. ಕೀಲಿಗಳಿಂದ ನುಡಿಸುವ ವಾದ್ಯದಲ್ಲಿ ಗಮಕವನ್ನು ಹೊರಡಿಸುವುದಕ್ಕಾಗಿ ಅವರು ಹಲವಾರು ವರ್ಷ ಸಾಧನೆ ಮಾಡಿದರು. ವಾದ್ಯವನ್ನೂ ಅಲ್ಲಲ್ಲಿ ಮಾರ್ಪಡಿಸಿಕೊಂಡರು. 1994ರಲ್ಲಿ ಲಂಡನ್ನಿನ ಪ್ರಸಿದ್ಧ ಬಿ.ಬಿ.ಸಿ. ಪ್ರಾಮ್ಸ್ ಸಂಗೀತೋತ್ಸವದಲ್ಲಿ ಅವರು ನುಡಿಸಿದರು. ಯುರೋಪು ಕಳುಹಿಸಿದ್ದ ವಾದ್ಯ, ನಮ್ಮ ರಾಗವನ್ನು ಕಲಿತು ಯುರೋಪಿಗೆ ಮರಳಿತು.

ಈ ಮೂರೂ ವಾದ್ಯಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ನನಗೆ ತೋರುವುದಿಷ್ಟು. ಪಿಟೀಲು ನಮ್ಮ ಸ್ವಭಾವಕ್ಕೆ ಬಲುಬೇಗ ಹೊಂದಿಕೊಂಡಿತು. ಸ್ಯಾಕ್ಸೊಫೋನನ್ನು ಒಬ್ಬ ಸಾಧಕರು ಪಟ್ಟುಹಿಡಿದು ಒಲಿಸಿಕೊಂಡರು. ಹಾರ್ಮೋನಿಯಂ ಪೂರ್ತಿ ಹೊಂದಿಕೊಳ್ಳಲಾರದೆಯೂ ಸೇವೆಯಿಂದ ಮನೆಯವನಾಯಿತು. ಸಂಬಂಧ ಬೆಳೆಸಿ ನೆಂಟರಾಗುವವರು, ವಿದ್ಯೆಯಿಂದ ಗೌರವ ಗಳಿಸುವವರು, ದುಡಿಮೆಯಿಂದ ಬೇಕಾದವರಾಗುವವರು ಎಂದು ಹೊರಗಿನಿಂದ ಬಂದ ಮನುಷ್ಯರಲ್ಲಿಯೂ ಈ ಮೂರು ಬಗೆ ಉಂಟಷ್ಟೆ. ಮೊದಲಿನ ಇಬ್ಬರನ್ನು ಮೆಚ್ಚುವುದು ಸುಲಭ. ಮೂರನೆಯವರ ಕೊರತೆಯನ್ನು ಬಲ್ಲವರಾಗಿಯೂ ಅವರಿಗೆ ಚಾಪೆ ಹಾಸುವ ಮನಸ್ಸು ನಮಗಿದೆಯೇ ಎಂಬುದರಲ್ಲಿ ನಮ್ಮ ಸಂಸ್ಕಾರದ ಪರೀಕ್ಷೆಯಿದೆ. ಮುಂದೆಂದಾದರೂ ನೀವು ಸಂಗೀತ ಸಭೆಗೆ ಹೋದಾಗ ಗಾಯಕರನ್ನು ಕೇಳುವುದರ ನಡುವೆ, ಪಕ್ಕದಲ್ಲಿ ತಲೆತಗ್ಗಿಸಿ ಪೆಟ್ಟಿಗೆ ನುಡಿಸುತ್ತಿರುವವರ ಕಡೆಗೂ ಒಂದಿಷ್ಟು ಕಿವಿಗೊಡಿರಿ.