ಸವಳು ನೀರಿನ ಕಾಣದ ಜೀವಿಗಳು

ಕಣ್ಣಿಗೆ ಕಾಣದ್ದನ್ನು ಇಲ್ಲವೆಂದೂ, ಕೈಗೆ ಒದಗದ್ದನ್ನು ನಿರುಪಯುಕ್ತವೆಂದೂ ಬಗೆಯುವುದು ಮನುಷ್ಯನ ಹಳೆಯ ಅಭ್ಯಾಸ. ಬೆಳೆ ಬಾರದ ನೆಲವನ್ನು ‘ಸವಳು’ ಎಂದು ಬಿಟ್ಟುಬಿಡುತ್ತೇವೆ. ಕುಡಿಯಲು ಬಾರದ ನೀರನ್ನು ‘ಸತ್ತ ನೀರು’ ಎಂದು ಕರೆದು ಮುಖ ತಿರುಗಿಸುತ್ತೇವೆ. ಹಿಂದಿನ ಕಾಲದಲ್ಲಿ ಅಗಸರಾದರೂ ಆ ಸವಳುಮಣ್ಣನ್ನು ಬಟ್ಟೆ ಒಗೆಯಲು ಹೊತ್ತೊಯ್ಯುತ್ತಿದ್ದರು. ಅಂಥ ಸವಳಿನ ನೀರು ಗಾಳಿಯಲ್ಲಿರುವ ಇಂಗಾಲವನ್ನು ಹಿಡಿದಿಡಬಲ್ಲದೆಂಬ ಸಂಗತಿ ನಮ್ಮ ಮನೆಯ ಒಂದು ವಿವಾದಕ್ಕೆ ಬೆಳಕು ತೋರಿತೆಂಬುದರಿಂದ, ಅದನ್ನು ಓದುಗ ಬಂಧುಗಳ ಮುಂದಿಡುತ್ತಿದ್ದೇನೆ.

ನಮ್ಮ ಅತ್ತಿಬೆಲೆ ತಮಿಳುನಾಡಿನ ಗಡಿಯ ಊರು. ನನ್ನ ಬಾಲ್ಯದಲ್ಲಿ ಇಲ್ಲಿ ರಾಗಿ, ಹುರುಳಿಯ ಹೊಲಗಳಿದ್ದವು. ಇಂದು ಕಾರ್ಖಾನೆಗಳ ಶೆಡ್ಡುಗಳು, ಹೊಸೂರಿನತ್ತ ಸಾಗುವ ಲಾರಿಗಳ ಸಾಲು. ಹಿರಿಯರಿಂದ ಬಂದ ನಮ್ಮ ಅಲ್ಪಸ್ವಲ್ಪ ಜಮೀನಿನ ಅಂಚಿನಲ್ಲಿ ಒಂದು ಕುಂಟೆ ಇದೆ. ಅದರ ನೀರು ಕೆಲವು ವರ್ಷಗಳಿಂದ ಹಸಿರುಗಟ್ಟಿ ನಾರುತ್ತಿದೆ. ಅದನ್ನು ಮುಚ್ಚಿ ಲಾರಿ ನಿಲ್ಲಿಸಲು ಬಾಡಿಗೆಗೆ ಕೊಡೋಣವೆಂಬುದು ನನ್ನ ತಮ್ಮನ ಅಭಿಪ್ರಾಯ. ಮಗಳ ಎಂಜಿನಿಯರಿಂಗ್ ಓದಿನ ಶುಲ್ಕ ಅವನ ತಲೆಯ ಮೇಲಿರುವುದರಿಂದ ಅವನ ಮಾತನ್ನು ದುರಾಸೆಯೆಂದು ತಳ್ಳಿಹಾಕುವಂತಿಲ್ಲ. ‘ಅಣ್ಣ, ಈ ಪಾಚಿನೀರನ್ನು ಇಟ್ಟುಕೊಂಡು ಏನು ಪೂಜೆ ಮಾಡೋಣವೇ?’ ಎಂದು ಅವನು ಕೇಳಿದಾಗ ನನ್ನಲ್ಲಿ ತಕ್ಕ ಉತ್ತರವಿರಲಿಲ್ಲ.

2023ರಲ್ಲಿ ಮನೆಯವರೆಲ್ಲ ಪರಳಿ ವೈಜನಾಥ, ಔಂಢಾ ನಾಗನಾಥಗಳ ದರ್ಶನ ಮುಗಿಸಿ, ಮಹಾರಾಷ್ಟ್ರದ ಬುಲಢಾಣಾ ಜಿಲ್ಲೆಯ ಲೋಣಾರಕ್ಕೂ ಹೋಗಿಬಂದೆವು. ಕಪ್ಪು ಬಸಾಲ್ಟ್ ಶಿಲೆಯ ನೆಲಕ್ಕೆ ಉಲ್ಕೆಯೊಂದು ಅಪ್ಪಳಿಸಿ ಉಂಟಾದ ಕುಳಿ ಅದು. ಅಗಲ ಸುಮಾರು 1.8 ಕಿಲೋಮೀಟರು. ಅದರ ತಳದ ಸರೋವರಕ್ಕೆ ನೀರು ಹರಿದುಬರುವ ದಾರಿಯುಂಟು, ಹರಿದುಹೋಗುವ ದಾರಿಯಿಲ್ಲ. ನೀರು ಬಿಸಿಲಿಗೆ ಆರುತ್ತದೆ. ಅದು ತಂದ ಉಪ್ಪು, ಸೋಡಾಗಳು ಉಳಿಯುತ್ತವೆ. ಶುದ್ಧ ನೀರಿನ ಪಿ.ಎಚ್. ಮಾನ 7 ಆದರೆ ಅಲ್ಲಿಯದು 10ರ ಸಮೀಪ. 2020ರ ಜೂನ್ ತಿಂಗಳಲ್ಲಿ ಈ ಸರೋವರ ಗುಲಾಬಿ ಬಣ್ಣಕ್ಕೆ ತಿರುಗಿ ದೇಶದ ಗಮನ ಸೆಳೆದಿತ್ತು. ಉಪ್ಪು ಹೆಚ್ಚಿದಾಗ ಬೆಳೆಯುವ ಸೂಕ್ಷ್ಮಜೀವಿಗಳ ವರ್ಣದ್ರವ್ಯವೇ ಅದಕ್ಕೆ ಕಾರಣವೆಂದು ಪುಣೆಯ ಅಘಾರ್ಕರ್ ಸಂಶೋಧನಾ ಸಂಸ್ಥೆ ಕಂಡುಕೊಂಡಿತು. ನಾವು ಹೋದಾಗ ನೀರು ಹಸಿರಾಗಿತ್ತು. ಆ ಹಸಿರಿನ ಅರ್ಥ ಊರಿಗೆ ಮರಳಿ ಪುಸ್ತಕಗಳನ್ನು ತಿರುವಿದ ಮೇಲೆ ತಿಳಿಯಿತು.

ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಸಾಮಾನ್ಯ ನೀರಿನಲ್ಲಿ ಅಲ್ಪವಾಗಿ ಕರಗುತ್ತದೆ. ಕ್ಷಾರಯುಕ್ತ ನೀರಿನಲ್ಲಾದರೋ ಅದು ಬೈಕಾರ್ಬೊನೇಟ್, ಕಾರ್ಬೊನೇಟ್ ರೂಪಗಳನ್ನು ತಾಳಿ ಕಣಜದ ಧಾನ್ಯದಂತೆ ಸಂಗ್ರಹವಾಗುತ್ತದೆ. ನೀಲಿಹಸಿರು ಸೂಕ್ಷ್ಮಜೀವಿಗಳು ಈ ಬೈಕಾರ್ಬೊನೇಟನ್ನು ಒಳಗೆ ಸೆಳೆದುಕೊಂಡು, ಕಿಣ್ವವೊಂದರ ನೆರವಿನಿಂದ ಮತ್ತೆ ಡೈಆಕ್ಸೈಡನ್ನಾಗಿಸಿ, ಬಿಸಿಲಿನ ಬಲದಿಂದ ತಮ್ಮ ಶರೀರವನ್ನು ಕಟ್ಟಿಕೊಳ್ಳುತ್ತವೆ; ಆಮ್ಲಜನಕವನ್ನು ಹೊರಬಿಡುತ್ತವೆ. ಇದರಿಂದ ನೀರಿನ ಕ್ಷಾರತೆ ಇನ್ನಷ್ಟು ಏರಿ, ಬರಿದಾದ ಕಣಜ ಗಾಳಿಯಿಂದ ಮತ್ತೆ ತುಂಬಿಕೊಳ್ಳುತ್ತದೆ. ಈ ಜೀವಿಗಳ ಒಣತೂಕದಲ್ಲಿ ಅರ್ಧದಷ್ಟು ಇಂಗಾಲವೇ ಇರುವುದರಿಂದ, ಒಂದು ಕಿಲೋ ಪಾಚಿ ಬೆಳೆಯಲು ಸುಮಾರು 1.8 ಕಿಲೋ ಡೈಆಕ್ಸೈಡ್ ಬೇಕಾಗುತ್ತದೆ. ಆಫ್ರಿಕದ ಚಾಡ್ ಸರೋವರದ ಬಳಿಯ ಜನರು ತಲೆತಲಾಂತರದಿಂದ ಆಹಾರವಾಗಿ ಬಳಸುವ, ನಮ್ಮ ಮೈಸೂರಿನ ಸಿ.ಎಫ್.ಟಿ.ಆರ್.ಐ. ಸಂಶೋಧನೆ ನಡೆಸಿದ ಸ್ಪಿರುಲಿನಾ ಇದೇ ಕುಲಕ್ಕೆ ಸೇರಿದ್ದು.

ಹಾಗೆಂದು ಈ ಕಿರುಜೀವಿಗಳು ನಮ್ಮೆಲ್ಲರ ಹೊಗೆಯನ್ನು ನುಂಗುವವೆಂದು ನಿಶ್ಚಿಂತರಾಗಿರುವುದು ಸಲ್ಲದು. ಅವು ಸತ್ತು ಕೊಳೆತಾಗ ಇಂಗಾಲದ ಬಹುಪಾಲು ಮರಳಿ ಗಾಳಿಗೆ ಸೇರುತ್ತದೆ. ತಳದ ಕೆಸರಿನಲ್ಲಿ ಹೂತುಹೋದದ್ದು ಮಾತ್ರ ದೀರ್ಘಕಾಲ ಉಳಿಯುತ್ತದೆ. ಆದ್ದರಿಂದಲೇ ಕೆನಡಾದ ಕ್ಯಾಲ್ಗರಿ ವಿಶ್ವವಿದ್ಯಾಲಯದ ವಿಜ್ಞಾನಿಗಳು ಸೋಡಾ ಸರೋವರದ ಸೂಕ್ಷ್ಮಜೀವಿಗಳನ್ನು ಬೇರೆಯಾಗಿ ಬೆಳೆಸಿ, ಕೊಯ್ದು ಬಳಸುವ ಮಾರ್ಗವನ್ನು ಶೋಧಿಸುತ್ತ ಬಂದಿದ್ದಾರೆ. ಕೈಗಾರಿಕಾ ಯುಗಕ್ಕೆ ಮುಂಚೆ ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಸುಮಾರು 280 ಭಾಗವಿದ್ದ ಡೈಆಕ್ಸೈಡ್ 2024ರ ವೇಳೆಗೆ 420ನ್ನು ದಾಟಿತ್ತು. ಆ ಹೊರೆಯ ಮುಂದೆ ಸರೋವರಗಳ ಸೇವೆ ಅಳಿಲಸೇವೆಯೇ ಸರಿ. ಹೊಗೆಯನ್ನು ತಗ್ಗಿಸುವ ಹೊಣೆ ನಮ್ಮದೇ.

ಇನ್ನು ನಮ್ಮ ಕುಂಟೆಯ ಮಾತು. ಅದು ಸವಳುಕೆರೆಯಲ್ಲ, ಸಿಹಿನೀರಿನದು. ಅದರ ಹಸಿರಿಗೆ ಕಾರಣ ಸುತ್ತಲ ವಠಾರಗಳಿಂದ ಬರುವ ಬಚ್ಚಲ ನೀರು. ಅತಿಯಾಗಿ ಬೆಳೆದ ಪಾಚಿ ಕೊಳೆತು, ನೀರಿನ ಆಮ್ಲಜನಕ ತೀರಿದಾಗ ಮೀಥೇನ್ ಅನಿಲ ಹುಟ್ಟುತ್ತದೆ. ಅದು ಭೂಮಿಯನ್ನು ಬಿಸಿಮಾಡುವುದರಲ್ಲಿ ಡೈಆಕ್ಸೈಡನ್ನೂ ಮೀರಿಸಿದ್ದು. ಎಂದಮೇಲೆ ಇದ್ದಂತೆಯೇ ಇರಲೆಂಬ ನನ್ನ ವಾದಕ್ಕೂ ಬಲವಿಲ್ಲ, ಮುಚ್ಚಿಬಿಡೋಣವೆಂಬ ತಮ್ಮನ ವಾದಕ್ಕೂ ಬಲವಿಲ್ಲ. ಮುಚ್ಚಬೇಕಾದದ್ದು ಬಚ್ಚಲ ನೀರು ಬರುವ ದಾರಿಯನ್ನು, ಕುಂಟೆಯನ್ನಲ್ಲ.

ಈ ಮಾತನ್ನು ಮನೆಯವರೆಲ್ಲ ಕೂಡಿದಾಗ ತಮ್ಮನ ಮುಂದಿಟ್ಟೆ. ‘ಅದು ಸರಿ ಅಣ್ಣ, ಶುಲ್ಕ ಕಟ್ಟುವುದು ಪಾಚಿಯೇನು?’ ಎಂದ. ನ್ಯಾಯವಾದ ಪ್ರಶ್ನೆ. ಎರಡು ಮಳೆಗಾಲ ಕಾಯೋಣ, ಅಲ್ಲಿಯವರೆಗೆ ಮಗುವಿನ ಶುಲ್ಕದ ಅರ್ಧವನ್ನು ನನ್ನ ಪಿಂಚಣಿಯಿಂದ ಕೊಡುವೆನೆಂದು ಹೇಳಿದೆ. ತಮ್ಮನ ಹೆಂಡತಿಯೇ ಮೊದಲು ಒಪ್ಪಿದಳು. ಅವನು ತಡವಾಗಿ ತಲೆಯಾಡಿಸಿದ. ಬಚ್ಚಲ ನೀರಿನ ಚರಂಡಿಯನ್ನು ಬೇರೆಡೆಗೆ ತಿರುಗಿಸುವ ಕೆಲಸ ಆರಂಭವಾಗಿದೆ. ಕುಂಟೆ ತಿಳಿಯಾಗುವುದೋ ಇಲ್ಲವೋ ಕಾಲವೇ ಹೇಳಬೇಕು. ಕಾಣದ ಜೀವಿಗಳು ತಮ್ಮ ಪಾಲಿನ ಕಾಯಕವನ್ನು ಮಾಡಲು ಬೇಕಾದ ಅವಕಾಶವನ್ನಂತೂ ನಾವು ಉಳಿಸಿಕೊಟ್ಟಿದ್ದೇವೆ.