ಆಮಂತ್ರಣದ ಪಟ್ಟಿ

ಮದುವೆ ನಿಶ್ಚಯವಾದ ಮನೆಗೆ ಮುಹೂರ್ತವನ್ನು ಜೋಯಿಸರು ಇಟ್ಟುಕೊಡುತ್ತಾರೆ. ಅಡುಗೆಯ ಬಗೆಯನ್ನು ಅಡುಗೆಯವರು ಹೇಳುತ್ತಾರೆ. ಯಾರನ್ನು ಕರೆಯಬೇಕೆಂಬುದನ್ನು ಮಾತ್ರ ಮನೆಯವರೇ ನಿರ್ಣಯಿಸಬೇಕು. ಕರೆಯುವುದರಲ್ಲಿಯೂ ತರತಮವುಂಟು. ಕೆಲವರಿಗೆ ಅಂಚೆಯ ಲಗ್ನಪತ್ರಿಕೆ ಸಾಕು. ಹತ್ತಿರದವರನ್ನು ಮನೆಗೆ ಹೋಗಿ, ಅರಿಶಿನ ಕುಂಕುಮವಿತ್ತು, ಅಕ್ಷತೆ ಕೊಟ್ಟು ಕರೆಯಬೇಕು. ಇದರಲ್ಲಿ ತಪ್ಪಾದರೆ ಮುನಿಸು ಒಂದು ತಲೆಮಾರು ನಿಲ್ಲುವುದುಂಟು. ಆದುದರಿಂದ ಪಟ್ಟಿ ಬರೆಯುವ ಕೈಯನ್ನು ನಡೆಸುವುದು ಬಹುಮಟ್ಟಿಗೆ ಪ್ರೀತಿಯಲ್ಲ, ಋಣ. ಅದಕ್ಕೆ ಆಧಾರಗ್ರಂಥ, ಮನೆಯ ಹಳೆಯ ಮುಯ್ಯಿಯ ಪುಸ್ತಕ.

2020ರ ಬೇಸಗೆಯಲ್ಲಿ ಮೈಸೂರಿನ ಒಂದು ಮನೆಯವರು ಇಂತಹ ಪಟ್ಟಿಯನ್ನು ಬರೆದು ಮುಗಿಸಿದ್ದರು. ಅದರಲ್ಲಿ 600 ಹೆಸರುಗಳಿದ್ದವು. ಅಷ್ಟರಲ್ಲಿ ಕೊರೊನಾ ಜಾಡ್ಯ ಹಬ್ಬಿತು. ಮದುವೆಗೆ 50ಕ್ಕಿಂತ ಹೆಚ್ಚು ಅತಿಥಿಗಳು ಸೇರಕೂಡದೆಂದು ಮೇ ತಿಂಗಳಿನಿಂದ ಸರ್ಕಾರದ ಕಟ್ಟಳೆಯಾಯಿತು. ಪುರೋಹಿತರೊಬ್ಬರು, ಅಡುಗೆಯವರು ಮೂವರು, ವಾಲಗದವರು ಇಬ್ಬರು, ಇವರನ್ನೂ ಎಚ್ಚರಿಕೆಗಾಗಿ ಲೆಕ್ಕಕ್ಕೆ ಹಿಡಿದರೆ ಉಳಿದುದು 44. ಬೀಗರೊಡನೆ ಸಮನಾಗಿ ಹಂಚಿಕೊಂಡಾಗ ಇವರ ಪಾಲಿಗೆ ಬಂದುದು 22.

ಯಜಮಾನರು ಮುಯ್ಯಿಯ ಪುಸ್ತಕವನ್ನು ತೆರೆದು ಹೆಸರುಗಳನ್ನು ಹೊಡೆಯುತ್ತ ಬಂದರು. ಕೊನೆಗೂ ಒಂದು ಹೆಸರು ಹೆಚ್ಚಾಯಿತು. ಅದನ್ನು ಕಂಡು ಅವರ ಅಕ್ಕ, ಮೂವತ್ತು ವರ್ಷಗಳಿಂದ ಆ ಮನೆಯಲ್ಲಿಯೇ ಇದ್ದ ವಿಧವೆ, ಒಳಗಿನಿಂದಲೇ ನುಡಿದರು: “ನನ್ನನ್ನು ಬಿಟ್ಟುಬಿಡಪ್ಪ. ಹೇಗೂ ನಾನು ಹಸೆಯ ಬಳಿಗೆ ಬರುವವಳಲ್ಲ.”

ಅದು ನಿಜವೇ ಆಗಿತ್ತು. ಆ ಮನೆಯ ಮದುವೆಗಳಲ್ಲೆಲ್ಲ ಅವರು ಅಡುಗೆಮನೆಯ ಬಾಗಿಲ ಮರೆಯಲ್ಲಿ ನಿಂತವರು. ನೂರಾರು ಜನರ ಗದ್ದಲದಲ್ಲಿ ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಮಗಳು ಪಟ್ಟಿಯನ್ನು ತೆಗೆದುಕೊಂಡಳು. “ಅಪ್ಪ, ನನ್ನನ್ನು ಎತ್ತಿ ಆಡಿಸಿದವರು ಅತ್ತೆ. ಮುಯ್ಯಿ ತೀರಿಸುವುದೇ ಆದರೆ ಮೊದಲು ಆ ಮುಯ್ಯಿ ತೀರಲಿ,” ಎಂದು, ಅತ್ತೆಯ ಹೆಸರನ್ನು ಎಲ್ಲಕ್ಕಿಂತ ಮೇಲೆ ಬರೆದು, ತನ್ನ ಗೆಳತಿಯೊಬ್ಬಳ ಹೆಸರನ್ನು ತಾನೇ ಹೊಡೆದಳು. ಯಜಮಾನರು ಬಹಳ ಹೊತ್ತು ಮಾತನಾಡಲಿಲ್ಲ.

ಮರುದಿನ ಬೆಳಗ್ಗೆ ಅವರು ಪತ್ನಿಯೊಡನೆ ಅಕ್ಕನ ಕೋಣೆಯ ಬಾಗಿಲಲ್ಲಿ ನಿಂತು, “ಅಕ್ಕ, ಮದುವೆಗೆ ಬಂದು ಹುಡುಗಿಯನ್ನು ಹರಸಬೇಕು,” ಎಂದು ಅಕ್ಷತೆಯನ್ನು ಮುಂದೆ ಹಿಡಿದರು. “ಮನೆಯಲ್ಲಿಯೇ ಇರುವವಳಿಗೆ ಕರೆಯೆ?” ಎಂದು ಆಕೆ ನಕ್ಕರು. ನಗುತ್ತಲೇ ಅಕ್ಷತೆಯನ್ನು ತೆಗೆದುಕೊಂಡು, ಒಂದು ಕಾಳೂ ಬೀಳದಂತೆ ಸೆರಗಿನ ತುದಿಯಲ್ಲಿ ಕಟ್ಟಿಕೊಂಡರು.